ನೂರು ರೂಪಾಯಿದು ಹಾಕಣ್ಣ

ದೊಡ್ಡಬಳ್ಳಾಪುರದ ಯಾವುದಾದರೂ ಪೆಟ್ರೋಲ್ ಬಂಕಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಅರ್ಧ ತಾಸು ನಿಂತು ನೋಡಿ. ಅಪೆರೆಲ್ ಪಾರ್ಕಿಗೆ ಹೊರಟ ಹುಡುಗ, ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್‌ನವನು, ಮಗಳನ್ನು ಕಾಲೇಜಿಗೆ ಬಿಡಲು ಬಂದ ಮಗ್ಗದ ಯಜಮಾನ, ಎಲ್ಲರ ಬಾಯಲ್ಲೂ ಒಂದೇ ಮಾತು: "ನೂರು ರೂಪಾಯಿದು ಹಾಕಣ್ಣ." ಇನ್ನೂರು, ಐನೂರು ಎನ್ನುವವರೂ ಇದ್ದಾರೆ. "ಎರಡು ಲೀಟರ್ ಹಾಕಿ" ಎನ್ನುವವರು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಬಂಕಿನ ಹುಡುಗ "ಜೀರೋ ನೋಡ್ಕೊಳ್ಳಿ ಸಾರ್" ಎಂದಾಗ ಜೀರೋ ನೋಡುತ್ತೇವೆ. ಅದರ ಕೆಳಗೇ ಮಿನುಗುವ ರೇಟಿನ ಮೇಲೆ ಕಣ್ಣು ಹೋಗುವುದಿಲ್ಲ. ಲೀಟರಿಗೆ ಮೂರು ರೂಪಾಯಿ ಏರಿದ ದಿನವೂ ನಾವು ಕೊಟ್ಟಿದ್ದು ಅದೇ ನೂರು. ಗಾಡಿ ಒಂದೂವರೆ ಕಿಲೋಮೀಟರ್ ಮೊದಲೇ ರಿಸರ್ವಿಗೆ ಬಂತು. "ಮೈಲೇಜ್ ಬರ್ತಿಲ್ಲ" ಎಂದು ಮೆಕ್ಯಾನಿಕ್ಕನ ಹತ್ತಿರ ಹೋಗಿ ಜಗಳ ಆಡಿದೆವು.

ಈ ಒಂದು ಅಭ್ಯಾಸದ ಮೇಲೆ ಎರಡು ಸರ್ಕಾರಗಳು ನೆಮ್ಮದಿಯಾಗಿ ಮಲಗಿವೆ. ವಿಧಾನಸೌಧದಲ್ಲಿ ಕೂತವರಿಗೂ ದೆಹಲಿಯಲ್ಲಿ ಕೂತವರಿಗೂ ಒಂದು ವಿಷಯ ಚೆನ್ನಾಗಿ ಗೊತ್ತು: ಈ ಜನ ಲೀಟರಿನ ಲೆಕ್ಕ ಕೇಳುವುದಿಲ್ಲ.

2024ರ ಜೂನ್ 15, ಶನಿವಾರ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಹನ್ನೊಂದು ದಿನವಾಗಿತ್ತು. ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲಿನದನ್ನು ಶೇ 14.34ರಿಂದ 18.44ಕ್ಕೆ ಏರಿಸಿತು. ಎರಡಕ್ಕೂ ಲೀಟರಿಗೆ ಮೂರು ರೂಪಾಯಿ ಆಸುಪಾಸು ಹೆಚ್ಚಿತು. ವರ್ಷ ತುಂಬುವ ಮೊದಲೇ, 2025ರ ಏಪ್ರಿಲ್ 1ರಂದು, ಡೀಸೆಲ್ ತೆರಿಗೆ ಶೇ 21.17 ಆಯಿತು. ಮತ್ತೆ ಎರಡು ರೂಪಾಯಿ. ಅದೇ ದಿನ ನಂದಿನಿ ಹಾಲಿಗೆ ನಾಲ್ಕು ರೂಪಾಯಿ, ಕರೆಂಟಿಗೆ ಯೂನಿಟ್ಟಿಗೆ 36 ಪೈಸೆ ಏರಿದವು. ರಾಷ್ಟ್ರೀಯ ಹೆದ್ದಾರಿಯ ಟೋಲ್ ದರವಂತೂ ಸಾಮಾನ್ಯವಾಗಿ ಪ್ರತಿ ಏಪ್ರಿಲ್ ಒಂದಕ್ಕೆ ಏರುವಂಥದ್ದು. ಅವತ್ತು ನಮ್ಮೂರ ಹೋಟೆಲುಗಳಲ್ಲಿ ನಡೆದ ಮಾತೆಲ್ಲ ಹಾಲಿನದೇ. ಯಾಕೆಂದರೆ ಹಾಲನ್ನು ನಾವು ಲೀಟರಿನಲ್ಲಿ ಕೊಳ್ಳುತ್ತೇವೆ.

ಸರ್ಕಾರ ಪದೇಪದೇ ಇಂಧನಕ್ಕೇ ಕೈಹಾಕುವುದು ಯಾಕೆ ಎಂದು ಕೇಳಿಕೊಳ್ಳಬೇಕು. ಜಿಎಸ್‌ಟಿ ದರ ಬದಲಿಸಬೇಕಾದರೆ ಕೇಂದ್ರ, ರಾಜ್ಯಗಳ ಮಂತ್ರಿಗಳು ಒಂದು ಕಡೆ ಕೂತು ತೀರ್ಮಾನಿಸಬೇಕು. ಆದಾಯ ತೆರಿಗೆಯನ್ನು ಮುಟ್ಟಿದರೆ ದೇಶವೆಲ್ಲ ಟೀವಿ ಮುಂದೆ ಕೂರುತ್ತದೆ. ಪೆಟ್ರೋಲ್, ಡೀಸೆಲ್ ಮಾತ್ರ ಜಿಎಸ್‌ಟಿಯ ಹೊರಗೇ ಉಳಿದಿವೆ. ನಮ್ಮಲ್ಲಿ ಅವಕ್ಕೆ ನಡೆಯುವುದು 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆ. ಹಣಕಾಸು ಇಲಾಖೆಯ ಒಂದು ಅಧಿಸೂಚನೆ ಹೊರಬಿದ್ದರೆ ಸಾಕು. ಸದನ ಸೇರಬೇಕಿಲ್ಲ, ಚರ್ಚೆಯಾಗಬೇಕಿಲ್ಲ.

ವಸೂಲಿಗೆ ಪಡೆಯೂ ಬೇಡ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯ ಕಡೆ ಹೋದವರು ನೋಡಿರುತ್ತೀರಿ, ರಸ್ತೆಯುದ್ದಕ್ಕೂ ಸರದಿ ಕಾಯುವ ಟ್ಯಾಂಕರುಗಳು, ಕಾಂಪೌಂಡಿನ ಒಳಗೆ ಬೆಳ್ಳಗೆ ಹೊಳೆಯುವ ದೈತ್ಯ ಟ್ಯಾಂಕುಗಳು. ಮಂಗಳೂರಿನಿಂದ ಹಾಸನದ ಮೇಲೆ ಹಾದುಬರುವ 362 ಕಿಲೋಮೀಟರ್ ಪೈಪ್‌ಲೈನ್ ಕೊನೆಯಾಗುವುದು ಅಲ್ಲೇ. ರಾಜಧಾನಿಯ ಬಂಕುಗಳಿಗೆ ಇಂಧನ ಹೊರಡುವುದು ನಮ್ಮ ಈ ಗ್ರಾಮಾಂತರ ಜಿಲ್ಲೆಯ ನೆಲದಿಂದ. ಬೆರಳೆಣಿಕೆಯ ತೈಲ ಕಂಪನಿಗಳು ಬಂಕಿಗೆ ಮಾರುವಾಗಲೇ ತೆರಿಗೆ ಕಟ್ಟಿ ಮುಗಿಸಿರುತ್ತವೆ. ನೋಟಿಸು ಕೊಡುವ ಕೆಲಸವಿಲ್ಲ, ಬಾಕಿ ಉಳಿಯುವುದಿಲ್ಲ. ಬೆವರು ಸುರಿಸದೆ ಬರುವ ಹಣವಿದು. ಇಂಥ ಹಣದ ರುಚಿ ಹತ್ತಿದ ಸರ್ಕಾರ, ಮೈಬಗ್ಗಿಸಿ ವಸೂಲಿ ಮಾಡಬೇಕಾದ ಕಡೆ ಹೋಗುವುದನ್ನೇ ಬಿಡುತ್ತದೆ. ನನ್ನ ಸಿಟ್ಟು ಇರುವುದು ಇಲ್ಲಿ. ತೆರಿಗೆ ಬೇಡ ಎನ್ನುವವನು ನಾನಲ್ಲ. ಆಸ್ಪತ್ರೆ, ಶಾಲೆ, ಬಸ್ಸು ಗಾಳಿಯಲ್ಲಿ ನಡೆಯುವುದಿಲ್ಲ. ಆದರೆ ಸುಲಭಕ್ಕೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅದೇ ಜೇಬಿಗೆ ನಾಲ್ಕು ಸಲ ಕೈಹಾಕುವುದು ಆಡಳಿತವಲ್ಲ, ಸೋಮಾರಿತನ.

ಈ ವಿದ್ಯೆಯಲ್ಲಿ ದೆಹಲಿಯವರು ಗುರುಗಳು. 2020ರ ಏಪ್ರಿಲಿನಲ್ಲಿ ಜಗತ್ತೇ ಬಾಗಿಲು ಹಾಕಿಕೊಂಡು ಕೂತಿದ್ದಾಗ ಕಚ್ಚಾತೈಲ ಕೇಳುವವರಿರಲಿಲ್ಲ. ಅಮೆರಿಕದ ಮಾರುಕಟ್ಟೆಯಲ್ಲಿ ಒಂದು ದಿನ ಬೆಲೆ ಸೊನ್ನೆಗಿಂತಲೂ ಕೆಳಗೆ ಹೋಯಿತು. ನಮ್ಮ ಬಂಕಿನಲ್ಲಿ ರೇಟು ಇಳಿಯಬೇಕಿದ್ದ ಕಾಲ. ಮೇ 5ರ ರಾತ್ರಿ ಕೇಂದ್ರ ಸರ್ಕಾರ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಹೇರಿ, ಇಳಿಯಬೇಕಿದ್ದ ಅಷ್ಟನ್ನೂ ತಾನೇ ನುಂಗಿತು. ಆ ಎತ್ತರದಿಂದ 2021ರ ನವೆಂಬರಿನಲ್ಲಿ 5 ಮತ್ತು 10 ರೂಪಾಯಿ ಇಳಿಸಿದಾಗ ದೀಪಾವಳಿಯ ಉಡುಗೊರೆ ಎಂದರು. ಆಗಿನ ಬೊಮ್ಮಾಯಿ ಸರ್ಕಾರವೂ ಏಳು ರೂಪಾಯಿ ಇಳಿಸಿತು. ನಾವು ಪಟಾಕಿ ಹೊಡೆದೆವು. 2017ರ ಜೂನ್ 16ರಿಂದ ದಿನವೂ ಬೆಳಿಗ್ಗೆ ಆರಕ್ಕೆ ಬೆಲೆ ಬದಲಾಗುತ್ತದೆ ಎಂದು ಹೇಳಿದವರು ಅವರೇ. ದಿನವೂ ಬದಲಾಗಬೇಕಾದ ಬೆಲೆ ಉತ್ತರ ಪ್ರದೇಶದ ಚುನಾವಣೆ ಬಂದಾಗ ತಿಂಗಳುಗಟ್ಟಲೆ ಅಲುಗಾಡದೆ ಕೂತಿತ್ತು, ಮತ ಎಣಿಕೆ ಮುಗಿದ ಮೇಲೆ ಎದ್ದು ಓಡಿತು. ಕಾಕತಾಳೀಯ ಎಂದು ನಂಬುವವರು ನಂಬಲಿ.

ಕೇಂದ್ರದ ಸುಂಕದಲ್ಲಿ ರಾಜ್ಯಗಳಿಗೆ ಪಾಲು ಸಿಗುವುದು ಮೂಲ ಸುಂಕದಲ್ಲಿ ಮಾತ್ರ. 2021ರ ಕೇಂದ್ರ ಬಜೆಟ್ಟಿನಲ್ಲಿ ಆ ಮೂಲ ಸುಂಕವನ್ನು ಪೆಟ್ರೋಲಿಗೆ 1 ರೂಪಾಯಿ 40 ಪೈಸೆಗೆ, ಡೀಸೆಲಿಗೆ 1 ರೂಪಾಯಿ 80 ಪೈಸೆಗೆ ತಂದು ನಿಲ್ಲಿಸಿದರು. ಉಳಿದದ್ದೆಲ್ಲ ಸೆಸ್ಸು, ವಿಶೇಷ ಸುಂಕ ಎಂಬ ಹೆಸರಿನಲ್ಲಿ ದೆಹಲಿಯಲ್ಲೇ ಉಳಿಯುತ್ತದೆ. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ತೆರಿಗೆ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿದಿದ್ದೂ ಸತ್ಯ. ನಮ್ಮ ಮುಖ್ಯಮಂತ್ರಿಗಳು ಈ ಅನ್ಯಾಯವನ್ನು ಎತ್ತಿ ಆಡಿದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ಆಮೇಲಿನ ನಡೆಯಲ್ಲಿ. ದೆಹಲಿ ನಮ್ಮ ಪಾಲು ತಿಂದಿತು ಎಂದು ಕೂಗಿ, ಆ ಕೊರತೆಯನ್ನು ತುಂಬಿಸಿಕೊಂಡಿದ್ದು ನೆಲಮಂಗಲದ ಲಾರಿಯವನಿಂದ. ಇನ್ನೂ ಒಂದು ಗುಟ್ಟಿದೆ. ರಾಜ್ಯದ ತೆರಿಗೆ ಶೇಕಡಾವಾರು ಲೆಕ್ಕದ್ದು, ಅದೂ ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ. ಕೇಂದ್ರ ಸುಂಕ ಏರಿಸಿ ಬೆಲೆ ಹೆಚ್ಚಿದರೆ ರಾಜ್ಯದ ಬೊಕ್ಕಸವೂ ತಾನಾಗಿ ಉಬ್ಬುತ್ತದೆ. ಬೈಯುವ ಬಾಯಿ ಒಂದು ಕಡೆ, ಎಣಿಸುವ ಕೈ ಇನ್ನೊಂದು ಕಡೆ.

2025ರ ಏಪ್ರಿಲಿನ ದರಗಳನ್ನು ಹಿಡಿದು ಲೆಕ್ಕ ಹಾಕಿ. ಬೆಂಗಳೂರಿನ ಸುತ್ತ 103ರ ಹತ್ತಿರವಿದ್ದ ಲೀಟರ್ ಪೆಟ್ರೋಲಿನಲ್ಲಿ ಎರಡೂ ಸರ್ಕಾರಗಳ ತೆರಿಗೆ ಸೇರಿ 40 ರೂಪಾಯಿ ದಾಟುತ್ತದೆ. 91 ರೂಪಾಯಿಯ ಡೀಸೆಲಿನಲ್ಲಿ 30 ದಾಟುತ್ತದೆ. ಇದನ್ನು ನಿಮಗೆ ಯಾವ ಬಂಕೂ ಹೇಳುವುದಿಲ್ಲ. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರೆ ಬಿಲ್ಲಿನಲ್ಲಿ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಪೈಸೆ ಪೈಸೆ ಬಿಡಿಸಿ ಬರೆದಿರುತ್ತಾರೆ. ಐದು ಪರ್ಸೆಂಟಿಗೆ ಅಷ್ಟು ಪಾರದರ್ಶಕತೆ! ನಲವತ್ತು ರೂಪಾಯಿ ತೆರಿಗೆ ಹೊತ್ತ ಪೆಟ್ರೋಲಿನ ಬಿಲ್ಲಿನಲ್ಲಿ ಏನಿರುತ್ತದೆ? ರೇಟು, ಲೀಟರು, ಮೊತ್ತ, "ಧನ್ಯವಾದಗಳು, ಮತ್ತೆ ಬನ್ನಿ." ಅದನ್ನೂ ನಾವು ಕೇಳಿ ಪಡೆಯುವುದಿಲ್ಲ. ಸಾವಿರ ರೂಪಾಯಿಗೆ ಹಾಕಿಸಿ ಬಿಲ್ ಬೇಡ ಎಂದು ತಲೆಯಾಡಿಸಿ ಹೊರಡುತ್ತೇವೆ. ತರಕಾರಿಯವಳ ಹತ್ತಿರ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವ ನಾವು!

ಪಕ್ಷಗಳ ನಾಟಕದ ಬಗ್ಗೆ ಹೆಚ್ಚು ಬರೆಯುವುದು ಕಾಗದಕ್ಕೆ ನಷ್ಟ. ಕೇಂದ್ರ ಏರಿಸಿದಾಗ ಇವರು ಎತ್ತಿನ ಗಾಡಿ ಹತ್ತುತ್ತಾರೆ, ರಾಜ್ಯ ಏರಿಸಿದಾಗ ಅವರು ಹತ್ತುತ್ತಾರೆ. ಎತ್ತುಗಳಿಗೆ ಮಾತ್ರ ಎರಡೂ ಸಲ ಕೆಲಸ. 2025ರ ಏಪ್ರಿಲ್ ಮಧ್ಯದಲ್ಲಿ ಜಿ.ಆರ್. ಷಣ್ಮುಗಪ್ಪನವರ ನೇತೃತ್ವದಲ್ಲಿ ಲಾರಿ ಮಾಲೀಕರು ಡೀಸೆಲ್ ದರ ಇಳಿಸಿ, ರಾಜ್ಯ ಹೆದ್ದಾರಿ ಟೋಲು ತೆಗೆಯಿರಿ ಎಂದು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಅದು ಮುಗಿಯಿತು. ಆ ದಿನಗಳಲ್ಲಿ ನಾವು ಮಾಡಿದ ದೊಡ್ಡ ಕೆಲಸ ಟೊಮೆಟೊ ರೇಟು ವಿಚಾರಿಸಿದ್ದು. ಮುನ್ನೂರು ಲೀಟರ್ ಡೀಸೆಲ್ ತುಂಬಿಸುವ ಲಾರಿಗೆ ಐದು ರೂಪಾಯಿ ಏರಿಕೆ ಎಂದರೆ ಒಂದು ಟ್ಯಾಂಕಿಗೆ ಸಾವಿರದ ಐನೂರು ರೂಪಾಯಿ. ಅದನ್ನು ಲಾರಿಯವನು ಮನೆಯಿಂದ ತರುವುದಿಲ್ಲ. ಸಿಮೆಂಟಿನ ಮೇಲೆ, ಅಕ್ಕಿಯ ಮೇಲೆ, ಟೊಮೆಟೊ ಕ್ರೇಟಿನ ಮೇಲೆ ಇಟ್ಟು ನಮ್ಮ ಮನೆಗೇ ತಂದು ಇಳಿಸುತ್ತಾನೆ. ಲಾರಿಯವರ ಮುಷ್ಕರ ಅವರ ಪಾಡು ಎಂದುಕೊಂಡೆವಲ್ಲ, ಅದು ನಮ್ಮ ಪಾಡೇ ಆಗಿತ್ತು.

ಇನ್ನು ರಸ್ತೆಯ ಮಾತು. ಹೊಸ ಕಾರು ಕೊಂಡರೆ ಕರ್ನಾಟಕದಲ್ಲಿ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಜೀವಿತಾವಧಿ ತೆರಿಗೆ. ದೇವನಹಳ್ಳಿಯ ಕೆಎ 43 ಬೋರ್ಡಾಗಲಿ, ನೆಲಮಂಗಲದ ಕೆಎ 52 ಆಗಲಿ, ನಂಬರ್ ಬೀಳುವ ಮೊದಲೇ ಇದನ್ನು ಕಟ್ಟಿರುತ್ತೀರಿ. ಆಮೇಲೆ ಪ್ರತಿ ಲೀಟರಿನಲ್ಲೂ ರಸ್ತೆ ಮತ್ತು ಮೂಲಸೌಕರ್ಯ ಸೆಸ್ಸು. ಹೊಸಕೋಟೆಯ ಹೊಲದಲ್ಲಿ ರಾಗಿಗೆ ಉಳುವ ಟ್ರ್ಯಾಕ್ಟರು ಹೆದ್ದಾರಿಯ ಮುಖ ನೋಡುವುದಿಲ್ಲ, ಆದರೂ ಅದರ ಡೀಸೆಲಿನಲ್ಲಿ ಹೆದ್ದಾರಿಯ ಸೆಸ್ಸು ಇದೆ. ಇಷ್ಟೆಲ್ಲ ಕೊಟ್ಟು ರಸ್ತೆಗೆ ಇಳಿದರೆ ಮುಂದೆ ಟೋಲು. ಏರ್‌ಪೋರ್ಟ್ ಕಡೆ ಸಾದಹಳ್ಳಿ, ಯಲಹಂಕದ ದಾರಿಯಲ್ಲಿ ಮಾರಸಂದ್ರ, ಹೊಸಕೋಟೆಯ ಹೆದ್ದಾರಿಯಲ್ಲೊಂದು, ತುಮಕೂರು ರಸ್ತೆಯಲ್ಲಿ ಇನ್ನೊಂದು. ಈ ಜಿಲ್ಲೆಯಿಂದ ಯಾವ ದಿಕ್ಕಿಗೆ ಹೊರಟರೂ ಕಂಬ ಅಡ್ಡ ಬರುತ್ತದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆ ಮುಟ್ಟುವ ಉಪನಗರ ವರ್ತುಲ ರಸ್ತೆಯ ಕಥೆ ಕೇಳಿ: ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಟೋಲ್ ವಸೂಲಿ ಶುರುವಾಗಿದ್ದು 2023ರ ನವೆಂಬರಿನಲ್ಲಿ, ಪ್ರಧಾನಿಯವರು ಆ ರಸ್ತೆಯನ್ನು ಲೋಕಾರ್ಪಣೆ ಮಾಡಿದ್ದು 2024ರ ಮಾರ್ಚಿನಲ್ಲಿ. ಲೋಕಕ್ಕೆ ಅರ್ಪಿಸುವ ಮೊದಲೇ ಲೋಕದ ಕೈಯಿಂದ ದುಡ್ಡು ಕಿತ್ತಾಗಿತ್ತು.

ಒಂದೇ ರಸ್ತೆಗೆ ಮೂರು ಬಗೆಯಲ್ಲಿ ಕೊಡುತ್ತಿದ್ದೇವೆ, ಇದಕ್ಕೆ ಲೆಕ್ಕ ಕೊಡಿ ಎಂದು ಯಾರು ಕೇಳಿದರು? ಮಾರಸಂದ್ರದ ಟೋಲಿನ ವಿರುದ್ಧ ಪ್ರತಿಭಟನೆಗಳು ನಡೆದಿವೆ, ಸುಳ್ಳಲ್ಲ. ಆದರೆ ಅಲ್ಲಿ ಜೋರಾಗಿ ಕೇಳಿದ ಬೇಡಿಕೆ ಯಾವುದು? ಸ್ಥಳೀಯರಿಗೆ ವಿನಾಯಿತಿ. ಯಾವ ರಸ್ತೆಗೆ ಎಷ್ಟು ಖರ್ಚಾಯಿತು, ಎಷ್ಟು ವಸೂಲಾಯಿತು, ಯಾವ ವರ್ಷಕ್ಕೆ ಮುಗಿಯುತ್ತದೆ ಎಂಬ ಬೇಡಿಕೆ ಹಿಂದೆ ಬಿತ್ತು. "ಲೋಕಲ್ ಅಣ್ಣಾ" ಎಂದು ಆಧಾರ್ ಕಾರ್ಡು ತೋರಿಸಿ ಕಂಬ ಎತ್ತಿಸಿಕೊಂಡು ಹೋಗುವುದು ನಮಗೆ ಗೆಲುವು. ಅದೂ ಆಗದಿದ್ದರೆ ಊರೊಳಗಿನ ರಸ್ತೆಯಲ್ಲಿ ನುಸುಳಿ ಆಚೆ ಹೋಗಿ ಹೆದ್ದಾರಿ ಹತ್ತುವುದು. ಕಾರು ಮಾಡಿದ್ದನ್ನೇ ಹತ್ತು ಚಕ್ರದ ಲಾರಿಯೂ ಮಾಡುತ್ತದೆ. ಪಂಚಾಯಿತಿಯವರು ಕಷ್ಟಪಟ್ಟು ಹಾಕಿಸಿದ ಕಾಂಕ್ರೀಟು ರಸ್ತೆ ಎರಡು ಮಳೆಗಾಲಕ್ಕೆ ಎದ್ದುಹೋಗುತ್ತದೆ. ಆಗ ಪಿಡಿಒ ಅವರನ್ನು ಗ್ರಾಮಸಭೆಯಲ್ಲಿ ನಿಲ್ಲಿಸಿ ಬೈಯುತ್ತೇವೆ. ನಮ್ಮ ಚಾಣಾಕ್ಷತನದ ಬಿಲ್ಲು ನಮ್ಮೂರಿಗೇ ಬಂತು ಎನ್ನುವುದು ಹೊಳೆಯುವುದೇ ಇಲ್ಲ.

2022ರ ಮಾರ್ಚಿನಲ್ಲಿ ನಿತಿನ್ ಗಡ್ಕರಿಯವರು ಲೋಕಸಭೆಯಲ್ಲಿ, ರಾಷ್ಟ್ರೀಯ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಅಂತರದೊಳಗೆ ಒಂದೇ ಟೋಲ್ ಇರುತ್ತದೆ, ಮಿಕ್ಕವನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಎಂದರು. ಟೀವಿಯಲ್ಲಿ ಕೇಳಿ ಚಪ್ಪಾಳೆ ತಟ್ಟಿದೆವು. ನಾಲ್ಕನೇ ತಿಂಗಳಲ್ಲಿ ಮುಚ್ಚಿದಿರಾ ಎಂದು ಕೇಳಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ಹಿರಿಯರು ಹೇಳಿದ್ದು ನಿಜ, ಆದರೆ ಸುಂಕದವನಿಗೆ ಯಜಮಾನರು ಯಾರು ಎಂದು ಕೇಳಬಾರದು ಅಂತ ಅವರು ಹೇಳಿರಲಿಲ್ಲ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 3,000 ರೂಪಾಯಿಯ ವಾರ್ಷಿಕ ಪಾಸು ಬಂತು, 200 ಸಲ ದಾಟಬಹುದು. ಅದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಮಾರಸಂದ್ರದ್ದು ರಾಜ್ಯ ಹೆದ್ದಾರಿ, ಅಲ್ಲಿ ಅದು ನಡೆಯದು. ಕಾರು ಇರುವವರ ಬಾಯಿಗೆ ಒಂದು ಚಮಚ ಸಕ್ಕರೆ ಬಿತ್ತು. ತರಕಾರಿ ಟೆಂಪೊದವನು ಮೊದಲಿನಂತೆಯೇ ಕಟ್ಟುತ್ತಿದ್ದಾನೆ. ಅವನ ಪರವಾಗಿ ಕಾರಿನವರು ಬಾಯಿ ತೆರೆದದ್ದು ನಾನು ಕಾಣೆ.

ಬಸ್ಸಿನ ವಿಷಯಕ್ಕೆ ಬಂದರೆ ಈ ಸೋಮಾರಿತನ ಗಾಣ ಸುತ್ತುವುದು ಕಾಣುತ್ತದೆ. 2025ರ ಜನವರಿ 5ರಿಂದ ಸಾರಿಗೆ ನಿಗಮಗಳ ಬಸ್ ದರ ಶೇ 15 ಏರಿತು. ಸಂಪುಟದ ತೀರ್ಮಾನ ಹೇಳುವಾಗ ಸಚಿವ ಎಚ್.ಕೆ. ಪಾಟೀಲರು ಕೊಟ್ಟ ಕಾರಣ, ದಶಕದ ಹಿಂದೆ ನಾಲ್ಕು ನಿಗಮಗಳಿಗೆ ದಿನಕ್ಕೆ 9.16 ಕೋಟಿ ಆಗುತ್ತಿದ್ದ ಡೀಸೆಲ್ ಖರ್ಚು 13.21 ಕೋಟಿಗೆ ಹೋಗಿದೆ ಎಂಬುದು. ಸರಿ. ಆರು ತಿಂಗಳ ಹಿಂದೆ ಆ ಡೀಸೆಲಿಗೆ ತೆರಿಗೆ ಏರಿಸಿದವರು ಯಾರು? ದರ ಏರಿಸಿದ ಮೂರು ತಿಂಗಳಿಗೆ ಮತ್ತೆ ಡೀಸೆಲ್ ತೆರಿಗೆ ಏರಿಸಿದವರು ಯಾರು? ಸರ್ಕಾರ ತನ್ನದೇ ಬಸ್ಸಿನ ಡೀಸೆಲಿಗೆ ತೆರಿಗೆ ಹಾಕಿ, ನಿಗಮಕ್ಕೆ ನಷ್ಟವಾಯಿತೆಂದು ಟಿಕೆಟ್ ಏರಿಸಿ, 2023ರ ಜೂನ್ 11ರಿಂದ ನಡೆದಿರುವ, ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಟಿಕೆಟಿಗೆ ಅದೇ ತೆರಿಗೆಯ ಹಣದಿಂದ ನಿಗಮಕ್ಕೆ ಮರುಪಾವತಿ ಮಾಡುತ್ತದೆ. ಹಣ ಒಂದು ಕಿಸೆಯಿಂದ ಇನ್ನೊಂದಕ್ಕೆ ಸುತ್ತುವಾಗ ಪ್ರತಿ ತಿರುವಿನಲ್ಲೂ ಟಿಕೆಟ್ ಕೊಳ್ಳುವ ಗಂಡಾಳು, ಶಾಲೆ ಮುಗಿಸಿ ಕೆಲಸ ಹುಡುಕುವ ಹುಡುಗ ಒಂದಿಷ್ಟು ತೆರುತ್ತಾನೆ.

ಇಲ್ಲಿ ಶಕ್ತಿ ಯೋಜನೆಯನ್ನು ಬೈಯುವುದು ಫ್ಯಾಷನ್. ನಾನು ಬೈಯುವುದಿಲ್ಲ. ಮುಂಜಾನೆ ಬುತ್ತಿ ಹಿಡಿದು ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಕೈಯಲ್ಲಿ ತಿಂಗಳಿಗೆ ಬಸ್ ಚಾರ್ಜಿನಷ್ಟು ಉಳಿದರೆ ಅದು ಈ ರಾಜ್ಯ ಮಾಡಿದ ಒಳ್ಳೆಯ ಖರ್ಚುಗಳಲ್ಲಿ ಒಂದು. ಆದರೆ ಶಕ್ತಿಯೂ ಸೇರಿ ವರ್ಷಕ್ಕೆ ಐವತ್ತು ಸಾವಿರ ಕೋಟಿ ಮೀರಿದ ಗ್ಯಾರಂಟಿ ಯೋಜನೆಗಳಿಗೆ ಹಣ ಎಲ್ಲಿಂದ ಎಂದು ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಿದ್ದರೆ ಜೂನ್ 15ರ ಆ ಶನಿವಾರ ಬರುತ್ತಿರಲಿಲ್ಲ, ಅಥವಾ ಮೊದಲೇ ಹೇಳಿ ಬರುತ್ತಿತ್ತು.

ಹಾಗಾದರೆ ಹಣ ಎಲ್ಲಿಂದ ತರಬೇಕಿತ್ತು ಎಂದು ಕೇಳುವವರಿಗೆ ಉತ್ತರ ಇದೆ, ಮತ್ತು ಆ ಉತ್ತರ ನಮಗೂ ಹಿತವಾಗಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ ರಸ್ತೆಗಳಲ್ಲಿ ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರುಗಳ ಹಿಂದೆ ಬೈಕಿನಲ್ಲಿ ಹೋದವರಿಗೆ ಕಣ್ಣಿಗೆ ಬೀಳುವ ಪುಡಿ ಗೊತ್ತು. ಟಾರ್ಪಾಲಿಲ್ಲ, ಬಾಡಿಯ ಮೇಲೆ ಗೋಪುರದಂತೆ ಲೋಡು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೆಚ್ಚು ಭಾರ ಹೊತ್ತರೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಕಾಯ್ದೆ ಇದೆ, ದಂಡ ಇದೆ, ಟಿಪ್ಪರು ಹಗಲಲ್ಲೇ ಕಣ್ಣೆದುರು ಹೋಗುತ್ತಿದೆ. ಹಿಡಿಯಲು ವೇಬ್ರಿಡ್ಜ್ ಬೇಕು, ನಿದ್ದೆಗೆಡುವ ಇನ್‌ಸ್ಪೆಕ್ಟರ್ ಬೇಕು, ಟಿಪ್ಪರಿನ ಮಾಲೀಕನ ಫೋನು ಬಂದಾಗ ಎತ್ತದಿರುವ ಧೈರ್ಯ ಬೇಕು. ಅಧಿಸೂಚನೆಗೆ ಇದ್ಯಾವುದೂ ಬೇಡ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಬೇರೆ ರಾಜ್ಯದ ನೋಂದಣಿ ಹೊತ್ತು ತೆರಿಗೆ ತಪ್ಪಿಸುತ್ತಿದ್ದ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಆ ಜುಲೈನಲ್ಲಿ ಒಂದೇ ಒಂದು ಫೆರಾರಿಯ ಮಾಲೀಕನಿಂದ 1.41 ಕೋಟಿ ವಸೂಲಾಯಿತು. ಎದ್ದು ಹೋದರೆ ಸಿಗುತ್ತದೆ ಎಂದಾಯಿತಲ್ಲ! ಅಷ್ಟು ಹಣವನ್ನು ನಮ್ಮ ಬೈಕಿನವರಿಂದ ಎತ್ತಬೇಕಾದರೆ ಲೀಟರಿಗೆ ಮೂರು ರೂಪಾಯಿಯಂತೆ 47 ಲಕ್ಷ ಲೀಟರ್ ಸುಡಬೇಕು.

ದಂಡದ ವಿಷಯದಲ್ಲಿ ನಾವೇನು ಕಡಿಮೆಯಿಲ್ಲ. 2023ರ ಫೆಬ್ರುವರಿಯಲ್ಲಿ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು, 2025ರ ಆಗಸ್ಟಿನಲ್ಲಿ ಮತ್ತೆ ಕೊಟ್ಟರು. ಈಗ ಹೆಲ್ಮೆಟ್ಟಿಲ್ಲದ ಹುಡುಗ ಕ್ಯಾಮೆರಾ ನೋಡಿ ನಗುತ್ತಾನೆ: "ಬಿಡಣ್ಣ, ಆಫರ್ ಬಂದಾಗ ಕಟ್ಟೋಣ." ಶಿಕ್ಷೆಯನ್ನು ಆಷಾಢದ ಸೇಲಿಗೆ ಇಟ್ಟ ಸರ್ಕಾರ, ಸೇಲಿಗೆ ಕಾಯುವ ಜನ. ನಿಯತ್ತಾಗಿ ಪೂರ್ತಿ ದಂಡ ಕಟ್ಟಿದವನು ಪೆದ್ದ ಎಂದಾಯಿತು.

ಮತ್ತೆ ಜಮೀನು. ಇಲ್ಲಿ ಎಲ್ಲರ ಮುಖವೂ ಕೆಳಗಾಗಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಜಿಲ್ಲೆಯಲ್ಲಿ ನೆಲದ ಬೆಲೆ ಎಲ್ಲಿಗೆ ಹೋಯಿತು ಎಂದು ನಾನು ಹೇಳಬೇಕಿಲ್ಲ. ಚಕ್ಕೋತ, ದ್ರಾಕ್ಷಿ ಬೆಳೆಯುತ್ತಿದ್ದ ಕಡೆ ಲೇಔಟಿನ ಕಮಾನುಗಳು ನಿಂತಿವೆ. ಆ ಬೆಲೆ ಏರಿಸಿದ್ದು ಸರ್ಕಾರ ಹಾಕಿದ ರಸ್ತೆ, ಸರ್ಕಾರ ಕೊಟ್ಟ ಅನುಮತಿ. ಏರಿದ ಬೆಲೆಯಲ್ಲಿ ಊರಿನ ಖಜಾನೆಗೆ ಬಂದದ್ದೆಷ್ಟು? ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಕೂತವರನ್ನು ಕೇಳಿ: ಮಾರ್ಗಸೂಚಿ ಬೆಲೆಗೆ ರಿಜಿಸ್ಟ್ರಿ, ಉಳಿದದ್ದು ಕ್ಯಾಶು. ಮಾರಿದವನಿಗೂ ಲಾಭ, ಕೊಂಡವನಿಗೂ ಲಾಭ, ನಡುವೆ ನಿಂತ ಬ್ರೋಕರಿಗೂ ಲಾಭ. ಕೋಟಿಗಳ ವ್ಯವಹಾರದಲ್ಲಿ ಲಕ್ಷಗಟ್ಟಲೆ ಮುದ್ರಾಂಕ ಶುಲ್ಕ ತಪ್ಪಿಸಿ, ಅದೇ ಸಂಜೆ ಹೊಸ ಕಾರಿಗೆ ಡೀಸೆಲ್ ಹಾಕಿಸುತ್ತಾ "ಏನ್ರೀ ಈ ರೇಟು!" ಎನ್ನುವವರನ್ನು ಕಂಡಿದ್ದೇನೆ. ನೀವು ತಪ್ಪಿಸಿದ ಹಣವನ್ನು ಸರ್ಕಾರ ಬಿಡಲಿಲ್ಲ ಸ್ವಾಮಿ, ಹಾಲಿನ ಕ್ಯಾನಿನವನ ಟ್ಯಾಂಕಿನಿಂದ ಎತ್ತಿಕೊಂಡಿತು.

ಸರ್ಕಾರ ಇದನ್ನು ಸರಿಪಡಿಸಿದ ರೀತಿ ನೋಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿತು. ಸಾಲ ಮಾಡಿ ಮೂವತ್ತು ನಲವತ್ತರ ಸೈಟು ಕೊಳ್ಳುವ ಮೇಷ್ಟರಿಗೂ ನೂರು ಎಕರೆಯವನಿಗೂ ಒಂದೇ ಏಟು. ಕದ್ದವನನ್ನು ಹಿಡಿಯುವ ಕಷ್ಟ ಬೇಡ, ಕಟ್ಟುವವನಿಂದಲೇ ಇನ್ನಷ್ಟು ಕಟ್ಟಿಸಿಕೊಂಡರಾಯಿತು. ಸಂಪನ್ಮೂಲ ಕ್ರೋಡೀಕರಣಕ್ಕೆ ದಾರಿ ತೋರಿಸಿ ಎಂದು 2024ರಲ್ಲಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪಿಗೆ 9.5 ಕೋಟಿಯ ಗುತ್ತಿಗೆಯನ್ನೂ ಕೊಟ್ಟರು. ನಮ್ಮ ಯಾವುದೇ ಸಂತೆಯಲ್ಲಿ ನಿಂತು ಕೇಳಿದ್ದರೆ ಬಾಕಿ ಎಲ್ಲೆಲ್ಲಿದೆ ಎಂದು ಬಿಟ್ಟಿಯಾಗಿ ಹೇಳುತ್ತಿದ್ದರು.

ಇಂಧನ ದುಬಾರಿಯಾದರೆ ಹೊಗೆ ಕಡಿಮೆಯಾಗುತ್ತದೆ, ಜನ ರೈಲು, ಬಸ್ಸು ಹಿಡಿಯುತ್ತಾರೆ ಎನ್ನುವ ಸುಶಿಕ್ಷಿತರ ವಾದವೊಂದಿದೆ. ಒಳ್ಳೆಯ ವಾದ, ಆದರೆ ಹಿಡಿಯಲು ಇಲ್ಲಿ ಏನಿದೆ? ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಬರಬೇಕಾದ ಉಪನಗರ ರೈಲಿನ ಸಂಪಿಗೆ ಮಾರ್ಗ ಕಾಗದದ ಮೇಲಿದೆ. 2022ರ ಜೂನಿನಲ್ಲಿ ಉಪನಗರ ರೈಲು ಯೋಜನೆಗೆ ಶಂಕುಸ್ಥಾಪನೆ ಮಾಡಿದಾಗ 40 ತಿಂಗಳು ಎಂದಿದ್ದರು. 2025ರ ಅಕ್ಟೋಬರಿಗೆ ಆ 40 ತಿಂಗಳು ತೀರಿದವು, ರೈಲು ಬರಲಿಲ್ಲ. ದೊಡ್ಡಬಳ್ಳಾಪುರದ ರೈತನಿಗೆ ಸೊಪ್ಪಿನ ಮೂಟೆ ಹೇರಿಕೊಂಡು ಹೋಗಲು ಟೆಂಪೊ ಬಿಟ್ಟರೆ ಗತಿಯಿಲ್ಲ. ಪರ್ಯಾಯ ಕೊಡದೆ ಹಾಕುವ ತೆರಿಗೆಗೆ ಪರಿಸರದ ಹೆಸರು ಇಡಬೇಡಿ.

2025–26ರ ರಾಜ್ಯ ಬಜೆಟ್ ಮೋಟಾರು ವಾಹನ ತೆರಿಗೆಯೊಂದರಿಂದಲೇ 15,000 ಕೋಟಿ ನಿರೀಕ್ಷಿಸಿತು. ಇಂಧನದ ಮಾರಾಟ ತೆರಿಗೆ ಇದಕ್ಕೆ ಸೇರಿಲ್ಲ, ಅದು 1.20 ಲಕ್ಷ ಕೋಟಿಯ ವಾಣಿಜ್ಯ ತೆರಿಗೆಯ ಗುರಿಯೊಳಗೆ ಅಡಗಿದೆ. ಇಷ್ಟು ಕೊಡುವ ಜನಕ್ಕೆ ಬಿಲ್ಲಿನಲ್ಲಿ ಎರಡು ಸಾಲು ಹೆಚ್ಚು ಅಚ್ಚು ಹಾಕಿಸಿ ಕೊಡಲು ಏನು ಅಡ್ಡಿ? ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು. ದೇವನಹಳ್ಳಿ ಕ್ಷೇತ್ರದಿಂದ 2023ರಲ್ಲಿ ಗೆದ್ದ ಕೆ.ಎಚ್. ಮುನಿಯಪ್ಪನವರು ಆಹಾರದ ಜೊತೆಗೆ ಗ್ರಾಹಕ ವ್ಯವಹಾರಗಳ ಸಚಿವರೂ ಆದವರು. ಅವರ ಮನೆ ಬಾಗಿಲಿಗೆ ನಮ್ಮ ಜಿಲ್ಲೆಯಿಂದ ವರ್ಗಾವಣೆಯ ಅರ್ಜಿಗಳು ಹೋಗಿವೆ, ಪೊಲೀಸ್ ಠಾಣೆಗೆ ಫೋನು ಮಾಡಿಸುವ ಅರ್ಜಿಗಳು ಹೋಗಿವೆ. ಈ ಎರಡು ಸಾಲಿಗಾಗಿ ಒಂದಾದರೂ ಹೋಗಿದ್ದರೆ ನನಗೆ ತಿಳಿಸಿ, ಕ್ಷಮೆ ಕೇಳುತ್ತೇನೆ.

ನಾಲ್ಕು ತಾಲ್ಲೂಕು, ನಾಲ್ವರು ಶಾಸಕರು. ಬಜೆಟ್ ಮಂಡನೆಯಾಗುವ ಮಾರ್ಚಿಗೆ ಮೊದಲು ಅವರು ಮದುವೆಗೆ, ಗುದ್ದಲಿ ಪೂಜೆಗೆ, ಹಬ್ಬಕ್ಕೆ ನಿಮ್ಮೂರಿಗೆ ಬಂದೇ ಬರುತ್ತಾರೆ. ಹಾರ ಹಾಕಿ, ಬೇಡ ಎನ್ನುವುದಿಲ್ಲ. ಹಾಕಿದ ಮೇಲೆ ಕೇಳಿ: ನಮ್ಮ ತಾಲ್ಲೂಕಿನ ಬಂಕುಗಳಿಂದ ಕಳೆದ ವರ್ಷ ಎಷ್ಟು ತೆರಿಗೆ ಹೋಯಿತು, ನಮ್ಮ ರಸ್ತೆಗೆ ಎಷ್ಟು ಬಂತು, ಇಲ್ಲಿನ ಟೋಲು ಯಾವ ವರ್ಷಕ್ಕೆ ನಿಲ್ಲುತ್ತದೆ. ಗೊತ್ತಿಲ್ಲ ಎಂದರೆ ಸದನದಲ್ಲಿ ಕೇಳಿಕೊಂಡು ಬನ್ನಿ ಎನ್ನಿ. ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ, ಬರಹದಲ್ಲಿ ತೆಗೆದುಕೊಳ್ಳಿ.